ಆಮ್ಯಾಲೆ ನೋಡೂಣು

ನಲಿನಿಗೆ ನಾಲ್ಕು ಭಾಷೆ ಬರುತ್ತಿದ್ದುದೇ ಅವಳ ಗ್ರಹಚಾರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೋದವರ ಹತ್ತಿರ ಹಿಂದಿ, ಆಫೀಸಿನಲ್ಲಿ ಇಂಗ್ಲಿಷು. ತಾರ್ನಾಕದಲ್ಲಿ ಹುಟ್ಟಿ ಬೆಳೆದ ರಾಯಚೂರು ಕಡೆಯ ಮನೆತನದ ಹುಡುಗಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಆದರೆ ಅವಳ ಮ್ಯಾನೇಜರ್ ವೆಂಕಟೇಶನಿಗೆ ಇದು ಗೊತ್ತಾದ ದಿನದಿಂದ ಅವಳ ನೆಮ್ಮದಿ ಹೋಯಿತು.

ಹಿಮಾಯತ್‌ನಗರದಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಂಪನಿ. ಆಸ್ಪತ್ರೆಗಳ ಔಷಧದ ಅಂಗಡಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ಕಸುಬು. ಯಾವ ಮಾತ್ರೆ ಎಷ್ಟು ಉಳಿದಿದೆ, ಯಾವುದರ ಅವಧಿ ಮುಗಿಯಿತು, ಯಾವುದನ್ನು ರೋಗಿಯ ಕೈಗೆ ಕೊಡಬಾರದು ಎಂದು ಅದು ಹೇಳಬೇಕು. ಅವಧಿ ನೋಡುವ ಭಾಗವನ್ನು ಬರೆದವರು ಅಮರೇಶಪ್ಪ. ವಯಸ್ಸು ಐವತ್ತು ದಾಟಿತ್ತು. ಮಿಕ್ಕವರೆಲ್ಲ ಅಮೀರ್‌ಪೇಟೆಯಲ್ಲಿ ಕೋರ್ಸ್ ಮುಗಿಸಿ ನೇರ ಬಂದು ಕೂತವರು. ಅವರ ನಡುವೆ ಈ ಮನುಷ್ಯ ಮದುವೆ ಮೆರವಣಿಗೆಯಲ್ಲಿ ಸಿಕ್ಕಿಬಿದ್ದ ಹೆಡ್‌ಮಾಸ್ತರರ ಹಾಗೆ ಕಾಣುತ್ತಿದ್ದರು. ಊರು ಲಿಂಗಸುಗೂರು, ನಲಿನಿಯ ತಂದೆಗೆ ಹಳೆಯ ಪರಿಚಯ. ಅವಳಿಗೆ ಈ ಕೆಲಸ ಹೇಳಿ ಕೊಡಿಸಿದವರೂ ಅವರೇ. ಆಫೀಸಿಗೆಲ್ಲ ಅವರು ‘ಸರ್’, ಅವಳಿಗೊಬ್ಬಳಿಗೆ ‘ಕಾಕಾ’.

ಆ ಆಫೀಸಿಗೆ ಒಂದು ಪದ್ಧತಿ ಇತ್ತು. ಕೋಡ್ ಬರೆಯುವಾಗ ಎಲ್ಲವೂ ಒಂದೇ ಏಟಿಗೆ ಮುಗಿಯುವುದಿಲ್ಲ. ಅರ್ಧ ಉಳಿದ ಕಡೆ, ಅನುಮಾನ ಇದ್ದ ಕಡೆ, ಬರೆದವರು ಒಂದು ಟಿಪ್ಪಣಿ ಇಡುತ್ತಾರೆ. ಕಂಪ್ಯೂಟರ್ ಅದನ್ನು ಓದದೆ ದಾಟಿ ಹೋಗುತ್ತದೆ, ಮನುಷ್ಯರು ಮಾತ್ರ ಓದುತ್ತಾರೆ. ಇದು ಮಾಡುವುದಿದೆ ಎಂಬ ಅರ್ಥದಲ್ಲಿ ‘ಟೂಡೂ’ ಎಂದು ಅದರ ಮುಂದೆ ಬರೆದಿರುತ್ತಾರೆ. ಶನಿವಾರ ಊಟವಾದ ಮೇಲೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಆ ವಾರದ ಟೂಡೂಗಳನ್ನು ಹುಡುಕಿ ತೆಗೆದು ಸರಿಪಡಿಸುತ್ತಿದ್ದರು. ಕೆಳಗಿನಿಂದ ಮಿರ್ಚಿ ಭಜಿ ಬರುತ್ತಿತ್ತು, ಇರಾನಿ ಚಹಾ ಬರುತ್ತಿತ್ತು. ಈ ಬೈಠಕ್ ಶುರು ಮಾಡಿದವರು ಅಮರೇಶಪ್ಪ. ತಪ್ಪನ್ನು ಬರೆದಿಟ್ಟವನನ್ನು ಅಲ್ಲಿ ಯಾರೂ ಬೈಯುತ್ತಿರಲಿಲ್ಲ. ಬರೆಯದೆ ಮುಚ್ಚಿಟ್ಟವನಿಗೆ ಮಾತ್ರ ಮಂಗಳಾರತಿ ಆಗುತ್ತಿತ್ತು.

ಎರಡು ಸಾವಿರದ ಹತ್ತರ ಕೊನೆಗೆ ಪುಣೆಯ ಒಂದು ಆಸ್ಪತ್ರೆಗಳ ಗುಂಪು ಇವರ ಸಾಫ್ಟ್‌ವೇರ್ ಕೊಂಡಿತು. ಅಲ್ಲಿನವರು ಕೋಡನ್ನು ತೆರೆದು ನೋಡಿದ್ದೇ ತಡ, ಎಲ್ಲಿ ನೋಡಿದರೂ ಟೂಡೂ. ಇದೇನು ಅರ್ಧ ಬೆಂದ ಮಾಲು ಮಾರಿದ್ದೀರಾ ಎಂದು ಕೇಳಿದರು. ವೆಂಕಟೇಶನ ಮುಖ ಬಾಡಿತು. ಸಂಜೆಯೊಳಗೆ ಅವನು ನಲಿನಿಯ ಮೇಜಿನ ಹತ್ತಿರ ಬಂದು ನಿಂತಿದ್ದ.

“ನಲಿನಿ ಗಾರು, ಇನ್ನು ಮೇಲೆ ಒಂದು ಟೂಡೂ ಕೂಡ ಕಾಣಬಾರದು. ಲಿಂಟ್‌ನಲ್ಲಿ ಒಂದು ರೂಲ್ ಹಾಕಿಬಿಡಿ.”

ಲಿಂಟ್ ಎಂದರೆ ಕೋಡನ್ನು ಓದಿ ಅದರ ತಪ್ಪು ತೋರಿಸುವ ಇನ್ನೊಂದು ಪ್ರೋಗ್ರಾಂ. ಅದಕ್ಕೆ ನಮ್ಮದೇ ನಿಯಮಗಳನ್ನು ಕಲಿಸಬಹುದು. ಕಲಿಸುವುದು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಸೂತ್ರದಲ್ಲಿ: ಇಂಥ ಅಕ್ಷರ, ಅದರ ಹಿಂದೆ ಇಂಥದ್ದು, ನಡುವೆ ಇದು ಅಥವಾ ಅದು. ಹಾಗೆ ಕಂಡ ಸಾಲನ್ನೆಲ್ಲ ಅದು ಕೆಂಪು ಮಾಡುತ್ತದೆ, ಕೆಂಪು ಸಾಲು ಹೋಗುವ ತನಕ ಕೋಡನ್ನು ಮುಂದೆ ಬಿಡುವುದಿಲ್ಲ. ಸೂತ್ರಕ್ಕೆ ಅಕ್ಷರಗಳ ಆಕಾರ ಗೊತ್ತು, ಅರ್ಥ ಗೊತ್ತಿಲ್ಲ. ಈ ಸಂಗತಿ ವೆಂಕಟೇಶನಿಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿಸಿದ, ಪುಣೆಯವರಿಗೂ ಬೇಕಾದದ್ದು ಆಕಾರವೇ ಆಗಿತ್ತು.

ಮೊದಲು ಅವಳು ‘ಟೂಡೂ’ ಹಿಡಿಯುವ ಸೂತ್ರ ಬರೆದಳು. ಮರುದಿನವೇ ಹುಡುಗರು ‘ಲೇಟರ್’ ಎಂದು ಬರೆಯತೊಡಗಿದರು. ಅದನ್ನೂ ಸೇರಿಸಿದಳು. ಒಬ್ಬ ಕಿಲಾಡಿ ನಡುವಿನ ಅಕ್ಷರವನ್ನು ರಾಗ ಎಳೆದ ಹಾಗೆ ಎಳೆದು ಬರೆದ. ಸೂತ್ರದಲ್ಲಿ ಆ ಅಕ್ಷರದ ಮುಂದೆ ಒಂದು ಕೂಡಿಸುವ ಚಿಹ್ನೆ ಹಾಕಿದಳು, ಎಷ್ಟು ಎಳೆದರೂ ಸಿಕ್ಕಿಬಿದ್ದ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ತೆಲುಗು ಶುರುವಾಯಿತು, ‘ತರ್ವಾತ ಚೂದ್ದಾಂ’. ಹಳೇ ಶಹರದ ಕಡೆಯವರು ‘ಬಾದ್ ಮೆ ದೇಖಿಂಗೆ’ ಎಂದರು. ಎಲ್ಲಕ್ಕೂ ಅರ್ಥ ಒಂದೇ, ಆಮೇಲೆ ನೋಡೋಣ. ವೆಂಕಟೇಶ ನಗುತ್ತ, “ನಿಮಗೆ ಎಲ್ಲ ಭಾಷೆ ಬರುತ್ತದಲ್ಲ, ಹಿಡಿಯಿರಿ” ಎಂದ. ಅವಳು ಹಿಡಿದಳು. ಒಂದೊಂದು ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು ವಿಧ ಬರೆಯಬಹುದೋ ಅಷ್ಟನ್ನೂ ಯೋಚಿಸಿ ಸೂತ್ರ ಕಟ್ಟಿದಳು. ಸುಳ್ಳು ಯಾಕೆ, ಆ ದಿನಗಳಲ್ಲಿ ಅವಳಿಗೆ ಈ ಕಳ್ಳ ಪೊಲೀಸ್ ಆಟ ಹಿಡಿಸಿತ್ತು ಕೂಡ.

ಉಳಿದದ್ದು ಕನ್ನಡ ಮಾತ್ರ. ಅದನ್ನು ಬರೆಯುವವರು ಒಬ್ಬರೇ, ಓದಿ ಅರ್ಥ ಮಾಡಿಕೊಳ್ಳಬಲ್ಲವಳೂ ಒಬ್ಬಳೇ. ಅಮರೇಶಪ್ಪನವರ ಕೋಡಿನಲ್ಲಿ ಅಲ್ಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಆಮ್ಯಾಲೆ ನೋಡೂಣು’ ಎಂದಿರುತ್ತಿತ್ತು. ಏನು ನೋಡಬೇಕು ಎಂಬುದನ್ನೂ ಅವರು ಕೂಲಂಕಷವಾಗಿ ಬರೆದಿಡುತ್ತಿದ್ದರು. ನಲಿನಿ ಅದನ್ನು ಬೇಕೆಂದೇ ಬಿಟ್ಟಿದ್ದಳು. ಒಂದು ದಿನ ವೆಂಕಟೇಶ ಅವಳ ಹಿಂದೆ ನಿಂತು ಪರದೆ ನೋಡುತ್ತಿದ್ದಾಗ ಆ ಸಾಲು ಕಣ್ಣಿಗೆ ಬಿತ್ತು.

“ಇದೇನಿದು, ನೋಡೂಣು?”

ಅವಳು ಏನಾದರೂ ಬುರುಡೆ ಬಿಡಬಹುದಿತ್ತು. ಬಾಯಿಗೆ ಬರಲಿಲ್ಲ, ಇದ್ದದ್ದನ್ನು ಹೇಳಿದಳು. ಮರುದಿನ ಅವಳು ಕಾಕಾನ ಕುರ್ಚಿಯ ಪಕ್ಕ ಹೋಗಿ ನಿಂತಳು.

“ಕಾಕಾ, ಕನ್ನಡಾನೂ ಹಾಕ್ಬೇಕಂತ್ರಿ.”

“ಹಾಕವ್ವಾ.”

“ಮತ್ತ ನಿಮ್ಮ ಟಿಪ್ಪಣಿಗೋಳು?”

“ನಾನ ತೆಗೀತೀನಿ. ಸಾಲು ಕೆಂಪಾದ್ರ ನಿನಗ ಮಾತು ಬರ್ತಾವು. ನನ್ನ ಸಲುವಾಗಿ ನೀ ಯಾಕ ಬೈಸ್ಕೋತಿ?”

“ಒಳಗಿನ ತಪ್ಪು ಹಂಗ ಉಳೀತಾವಲ್ರಿ.”

“ಎಲ್ಲಿ ಹೋಗ್ತಾವು? ನನ್ನ ತಲ್ಯಾಗ ಅದಾವು. ಶನಿವಾರ ಕುಂತಾಗ ಒಂದೊಂದ ತೆಗ್ಯೂಣು.”

ಅವರು ತಾವೇ ಕೂತು ತಮ್ಮ ಟಿಪ್ಪಣಿಗಳನ್ನು ಅಳಿಸಿದರು. ಅಷ್ಟು ಹೊತ್ತಿಗೆ ಉಳಿದವರೂ ಆಟ ಬಿಟ್ಟಿದ್ದರು. ಬರೆದರೆ ತಾನೇ ಸಿಕ್ಕಿಬೀಳುವುದು, ಬರೆಯುವುದನ್ನೇ ನಿಲ್ಲಿಸಿದರು. ತಿಂಗಳ ವರದಿಯಲ್ಲಿ ಬಾಕಿ ಕೆಲಸದ ಮುಂದೆ ಸೊನ್ನೆ ಬಂತು. ವೆಂಕಟೇಶ ಕೇಕ್ ತರಿಸಿ ನಲಿನಿಯ ಕೈಯಿಂದ ಕೊಯ್ಯಿಸಿದ. ಪುಣೆಯವರು ಮೆಚ್ಚಿ ಪತ್ರ ಬರೆದರು.

ಹೊಸ ವರ್ಷದಲ್ಲಿ ಪ್ರತ್ಯೇಕ ರಾಜ್ಯದ ಹೋರಾಟಕ್ಕೆ ಊರಲ್ಲಿ ಬಂದ್ ಮೇಲೆ ಬಂದ್. ತಾರ್ನಾಕದ ಕಡೆಯಿಂದ ಬಸ್ಸು ಹೊರಟರೆ ಹೊರಟಿತು, ಇಲ್ಲದಿದ್ದರೆ ಇಲ್ಲ. ಬಂದ್‌ಗೆ ಹೋದ ದಿನಗಳನ್ನು ಶನಿವಾರ ತುಂಬಿಕೊಡಬೇಕು ಎಂದು ವೆಂಕಟೇಶ ಹೇಳಿದ. ಹಾಗಾದರೆ ಬೈಠಕ್ ಯಾವಾಗ ಎಂದು ಅಮರೇಶಪ್ಪ ಕೇಳಿದರು.

“ವರದಿಯಲ್ಲಿ ಸೊನ್ನೆ ಇದೆಯಲ್ಲ ಸರ್. ಇನ್ನು ಕೂತು ಹುಡುಕುವುದು ಏನನ್ನು?”

“ಔಷಧದ ತಾರೀಖಿನದು ಒಂದು ಬಾಕಿ ಇದೆ. ಸಣ್ಣದಲ್ಲ ಅದು.”

“ಮುಂದಿನ ರಿಲೀಸ್‌ನಲ್ಲಿ ನೋಡೋಣ ಸರ್.”

ಮಾತು ಅಲ್ಲಿಗೆ ನಿಂತಿತು. ಅಮರೇಶಪ್ಪ ಅದನ್ನು ಮತ್ತೆ ಎತ್ತಿದರು, ಆಗಲೂ ಅದೇ ಉತ್ತರ. ಎಲ್ಲವೂ ಬಾಯಿಮಾತಿನಲ್ಲಿ.

ಬೇಸಿಗೆಯಲ್ಲಿ ಆಗಬಾರದ್ದು ಆಯಿತು. ಪುಣೆಯವರ ಒಂದು ಆಸ್ಪತ್ರೆಯಲ್ಲಿ ಅವಧಿ ಮೀರಿದ ಕಣ್ಣಿನ ಹನಿಯನ್ನು ರೋಗಿಗಳಿಗೆ ಕೊಟ್ಟುಬಿಟ್ಟರು. ಆ ಪೆಟ್ಟಿಗೆಯ ತಾರೀಖು ಯಾರೋ ತುಂಬಿರಲಿಲ್ಲ. ತಾರೀಖು ಖಾಲಿ ಇದ್ದರೆ ಸಾಫ್ಟ್‌ವೇರ್ ಆ ಔಷಧಕ್ಕೆ ಅವಧಿಯೇ ಇಲ್ಲ ಎಂದು ತಿಳಿದು ಸುಮ್ಮನಾಗಿತ್ತು. ಕೆಲವರ ಕಣ್ಣು ಊದಿತು, ಒಬ್ಬ ಮುದುಕಿಯ ಕಣ್ಣು ಪೂರ್ತಿ ಹೋಗುವುದರಲ್ಲಿತ್ತು, ಹೇಗೋ ಉಳಿಯಿತು. ಪೇಪರಿನಲ್ಲಿ ಬಂತು. ವಿಚಾರಣೆಗೆ ಪುಣೆಯಿಂದ ಒಬ್ಬ ಮೇಡಂ ಬಂದರು. ಮಾತು ಕಡಿಮೆ, ಕನ್ನಡಕ ದಪ್ಪ.

ಕಂಪನಿ ಯಾರದಾದರೂ ತಲೆ ಕೊಡಲೇಬೇಕಿತ್ತು. ಕೋಡು ಅಮರೇಶಪ್ಪನವರದು. ಕೆಲಸ ಹೋದರೆ ಐವತ್ತು ದಾಟಿದವರನ್ನು ಹೈದರಾಬಾದಿನಲ್ಲಿ ಯಾರು ಕರೆದು ಕೂರಿಸುತ್ತಾರೆ? ನಲಿನಿ ಇಡೀ ಬೆಳಿಗ್ಗೆ ಇದೇ ಯೋಚನೆಯಲ್ಲಿ ಒದ್ದಾಡಿದಳು. ಕೊನೆಗೆ ಅವಳಿಗೆ ಒಂದು ದಾರಿ ಹೊಳೆಯಿತು. ಅಳಿಸಿದ ಟಿಪ್ಪಣಿ ಪೂರ್ತಿ ಅಳಿದಿರುವುದಿಲ್ಲ, ಕೋಡಿನ ಹಳೆಯ ಪ್ರತಿಗಳು ಹಾಗೇ ಇರುತ್ತವೆ. ಹುಡುಕಿದಳು, ಸಿಕ್ಕಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಅದನ್ನು ಅಚ್ಚು ಹಾಕಿಸಿಕೊಂಡು ಯಾರೂ ಕರೆಯದಿದ್ದರೂ ವಿಚಾರಣೆಯ ಕೋಣೆಗೆ ನುಗ್ಗಿದಳು.

ಒಳಗೆ ಮೇಡಂ, ವೆಂಕಟೇಶ, ಎದುರಿಗೆ ಅಮರೇಶಪ್ಪ.

“ಮೇಡಂ, ಇವರು ಮೊದಲೇ ಎಚ್ಚರಿಕೆ ಬರೆದಿದ್ದರು. ಕನ್ನಡದಲ್ಲಿದೆ, ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ನಾನು ಹೇಳುತ್ತೇನೆ.”

ಅಮರೇಶಪ್ಪ ಅವಳ ಕಡೆ ನೋಡಿ ಬೇಡ ಎಂಬಂತೆ ಕೈ ಅಲ್ಲಾಡಿಸಿದರು. ಅವಳು ನೋಡಿದರೆ ತಾನೆ. ಟಿಪ್ಪಣಿಯಲ್ಲಿ ಇದ್ದದ್ದು ಹೀಗೆ: ‘ತಾರೀಖು ತುಂಬದ ಮಾಲು ಬಂದ್ರ ಇದು ಹಿಡಿಯಂಗಿಲ್ಲ. ಕಣ್ಣಿನ ಔಷಧಕ್ಕ ಭಾಳ ಹುಷಾರಿರಬೇಕು. ಆಮ್ಯಾಲೆ ನೋಡೂಣು.’ ಅವಳು ಅದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಹೇಳಿ, ಗೆದ್ದೆ ಎನ್ನುವ ಮುಖದಲ್ಲಿ ನಿಂತಳು.

ಮೇಡಂ ಕಾಗದ ತೆಗೆದುಕೊಂಡು ತಿರುಗಿಸಿ ನೋಡಿದರು. “ಅಂದರೆ ಇವರಿಗೆ ಗೊತ್ತಿತ್ತು.”

“ಹೌದು ಮೇಡಂ, ಅದನ್ನೇ ನಾನು...”

“ಕಣ್ಣಿನ ಔಷಧ ಎಂದೂ ಗೊತ್ತಿತ್ತು. ಗೊತ್ತಿದ್ದು ಮುಂದಕ್ಕೆ ಹಾಕಿದರು. ಆಮೇಲೆ ಈ ಸಾಲನ್ನು ಅಳಿಸಿದವರು ಯಾರು?”

ಹಳೆಯ ಪ್ರತಿಯಲ್ಲಿ ಅಳಿಸಿದವರ ಹೆಸರೂ ಇರುತ್ತದೆ. ಅಮರೇಶಪ್ಪ ಎಂದೇ ಇತ್ತು.

ಇಷ್ಟು ಹೊತ್ತು ಅವರು ತಿಳಿಯದೆ ತಪ್ಪು ಮಾಡಿದ ಮನುಷ್ಯರಾಗಿದ್ದರು. ಹೆಚ್ಚೆಂದರೆ ಬೈಗುಳ ತಿಂದು ಬೇರೆ ಕೆಲಸಕ್ಕೆ ಹಾಕಿಸಿಕೊಳ್ಳುತ್ತಿದ್ದರು. ಈಗ ತಿಳಿದೂ ಮುಚ್ಚಿಟ್ಟವರಾದರು. ನಲಿನಿ ಮೇಜಿನ ಹತ್ತಿರಕ್ಕೆ ಬಂದಳು. “ನಾನೇ ಅಳಿಸಲು ಹೇಳಿದ್ದು ಮೇಡಂ. ರೂಲ್ ನನ್ನದು. ಇಲ್ಲಿ ಶನಿವಾರ ಎಲ್ಲರೂ ಕೂತು ಇದನ್ನೆಲ್ಲ ಸರಿಪಡಿಸುತ್ತಿದ್ದೆವು, ಹಾಗೆ ಬರೆದಿಡುವುದು ಇಲ್ಲಿನ ಪದ್ಧತಿ” ಎಂದು ಒಂದೇ ಉಸಿರಿಗೆ ಹೇಳಿದಳು.

“ಆ ಪದ್ಧತಿ ಎಲ್ಲಾದರೂ ಬರಹದಲ್ಲಿ ಇದೆಯೇ?”

ಮಿರ್ಚಿ ಭಜಿ ತಿನ್ನುತ್ತ ಮಾಡಿದ ಕೆಲಸಕ್ಕೆ ಬರಹ ಎಲ್ಲಿಂದ ಬರಬೇಕು? ಬರಹದಲ್ಲಿ ಇದ್ದದ್ದು ನಲಿನಿಯ ನಿಯಮ ಮಾತ್ರ. ವೆಂಕಟೇಶ ಅದನ್ನು ತೆರೆದು ಓದಿದ: ಬಾಕಿ ಕೆಲಸವನ್ನು ಮುಗಿಸಿ ಟಿಪ್ಪಣಿಯನ್ನು ತೆಗೆಯತಕ್ಕದ್ದು. ಮುಗಿಸಿ ಎಂದು ಸ್ಪಷ್ಟವಾಗಿ ಇತ್ತು. ಮುಗಿದಿದೆಯೋ ಇಲ್ಲವೋ ನೋಡುವ ಕಣ್ಣು ಸೂತ್ರಕ್ಕಿಲ್ಲ, ಅದನ್ನು ಯಾರೂ ಬರೆದಿರಲಿಲ್ಲ. ಓದುವಾಗ ವೆಂಕಟೇಶ ತಲೆ ಎತ್ತಲಿಲ್ಲ. ಬಾಯಿಮಾತಿನ ವಿಷಯ ಅವನೂ ಎತ್ತಲಿಲ್ಲ, ಅಮರೇಶಪ್ಪನವರೂ ಎತ್ತಲಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದರು ಎಂದು ಬೇಕಾದರೆ ಹೇಳಬಹುದು. ನನಗೆ ಹೇಳಲು ಮನಸ್ಸಿಲ್ಲ.

ಹೊರಗೆ ಬಂದ ಮೇಲೆ ನಲಿನಿ ಅಳುತ್ತ ಮೆಟ್ಟಿಲ ಮೇಲೆ ಕೂತಳು. ಅಮರೇಶಪ್ಪ ಪಕ್ಕದಲ್ಲಿ ನಿಂತು, “ನೀ ಛಲೋದಕ್ಕ ಮಾಡೀದಿ, ಅಳಬ್ಯಾಡ” ಎಂದರು. ಅದನ್ನು ಕೇಳಿ ಅವಳಿಗೆ ಇನ್ನೂ ಅಳು ಬಂತು.

ಕಂಪನಿ ಒಂದು ಉಪಕಾರ ಮಾಡಿತು. ತಾವಾಗಿ ರಾಜೀನಾಮೆ ಕೊಟ್ಟರೆ ಕಪ್ಪು ಮಾತಿಲ್ಲದ ರಿಲೀವಿಂಗ್ ಪತ್ರ ಕೊಡುತ್ತೇವೆ, ಆದರೆ ಇವರ ಕೋಡಿನಲ್ಲಿ ಮುಚ್ಚಿಟ್ಟ ತಪ್ಪು ಇನ್ನೊಂದು ಸಿಕ್ಕರೆ ಪತ್ರವಿಲ್ಲ ಎಂದಿತು. ಅಮರೇಶಪ್ಪ ಒಪ್ಪಿದರು. ಅವರ ಅದೃಷ್ಟಕ್ಕೆ ಬೇಗಂಪೇಟೆಯಲ್ಲಿ ಒಬ್ಬರು ಕೆಲಸ ಕೊಡಲು ತಯಾರಿದ್ದರು. ಪತ್ರ ತನ್ನಿ, ಮರುದಿನವೇ ಬಂದು ಕೂರಿ ಎಂದಿದ್ದರು. ಪತ್ರ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುವುದೇ ಅವರ ಮನೆಯವರ ಕೆಲಸವಾಯಿತು.

ಭಾನುವಾರ ಬೆಳಿಗ್ಗೆ ನಲಿನಿ ಅವರನ್ನು ನೋಡಲು ಕೂಕಟ್‌ಪಲ್ಲಿಗೆ ಹೋದಳು. ಅವಧಿಯ ಕೋಡನ್ನು ಈಗ ಅವಳ ತಲೆಗೆ ಕಟ್ಟಿದ್ದರು, ಕೇಳುವುದು ಬೇಕಾದಷ್ಟಿತ್ತು. ಅಮರೇಶಪ್ಪನವರ ಹೆಂಡತಿ ಸೂಗಮ್ಮ ಅವಲಕ್ಕಿ ಕೊಟ್ಟರು. ಹಾಲ್‌ನಲ್ಲಿ ಕೂತು ಅವಳು ತಂದಿದ್ದ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಕೋಡು ನೋಡಿದರು. ಹಳೆಯ ಟಿಪ್ಪಣಿಗಳನ್ನೆಲ್ಲ ಅವಳು ಹುಡುಕಿ ತಂದಿದ್ದಳು. ಮಿಕ್ಕ ಟಿಪ್ಪಣಿಗಳ ಕೆಲಸವನ್ನು ಅವರು ಆಗಲೇ ಸದ್ದಿಲ್ಲದೆ ಮುಗಿಸಿದ್ದರು. ಅವಳಿಗೆ ಸಮಾಧಾನವಾಯಿತು. ಆಗ ಅವರು, “ಇನ್ನೊಂದು ಐತಿ” ಎಂದರು.

“ಯಾವ್ದುರಿ? ಟಿಪ್ಪಣ್ಯಾಗ ಇಲ್ಲಲ್ರಿ?”

“ಬರೀಲಿಲ್ಲ ಅದನ್ನ. ಕನ್ನಡಾನೂ ಬಂದ್ ಆದಮ್ಯಾಲೆ ಕಂಡದ್ದು. ಎಲ್ಲಿ ಬರೀಬೇಕಿತ್ತು?” ಅವರು ಪರದೆಯ ಮೇಲೆ ಬೆರಳಿಟ್ಟರು. “ಒಂದ ಔಷಧದ್ದು ಹಳೇ ಮಾಲು, ಹೊಸಾ ಮಾಲು ಕೂಡಿ ಇದ್ರ ಇದು ಹೊಸದರ ತಾರೀಖ ಹಿಡೀತೈತಿ. ಹಳೇದನ್ನೂ ಕೊಡ್ರಿ ಅಂತೈತಿ. ಹುಡುಗರ ಸಿರಪ್ ಎಲ್ಲಾ ಹಿಂಗ ಬರೋದು. ವೆಂಕಟೇಶಗ ಹೇಳೀನಿ. ಮುಂದಿನ ರಿಲೀಸ್ ಅಂದ.”

ಅಡುಗೆಮನೆಯ ಬಾಗಿಲಲ್ಲಿ ಸೂಗಮ್ಮ ನಿಂತಿದ್ದರು, ಅವರಿಗೂ ಕೇಳಿಸಿತ್ತು.

“ನಾ ಹುಡುಕಿದ್ದು ಅಂತ ಹೇಳ್ತೀನ್ರಿ ಕಾಕಾ. ನಿಮ್ಮ ಹೆಸರು ತೆಗ್ಯಂಗಿಲ್ಲ.”

ಅಲ್ಲಿಂದಲೇ ವೆಂಕಟೇಶನಿಗೆ ಫೋನ್ ಮಾಡಿದಳು. ಅವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಹೊಸ ತಲೆನೋವು ತರಬೇಡಿ ನಲಿನಿ ಗಾರು, ಮೊದಲನೆಯ ಬೆಂಕಿಯೇ ಆರಿಲ್ಲ, ಬರೆದು ಕೊಡಿ, ಮೀಟಿಂಗ್‌ನಲ್ಲಿ ಇಡೋಣ ಎಂದ. ಅವಳು ಹಟ ಹಿಡಿದು ಪುಣೆಯ ಮೇಡಂಗೂ ಫೋನ್ ಮಾಡಿದಳು. ಅವರು ಶಾಂತವಾಗಿ, ಇದು ನಿಮ್ಮ ಅನುಮಾನವೋ ಖಚಿತವೋ, ಪರೀಕ್ಷೆ ಮಾಡಿದ ದಾಖಲೆ ಕಳಿಸಿ, ಪರಿಶೀಲಿಸಲು ಕೆಲವು ವಾರ ಬೇಕಾಗುತ್ತದೆ ಎಂದು ಹೇಳಿ ಇಟ್ಟರು.

“ನೋಡಿದ್ಯಾ?” ಎಂದರು ಅಮರೇಶಪ್ಪ. “ನೀ ಹೇಳಿದ್ರ ಪರೀಕ್ಷೆ ಮಾಡ್ತಾರ. ಅಮರೇಶಪ್ಪ ಮುಚ್ಚಿಟ್ಟಿದ್ದ ಅಂತ ಬರಿ. ನನ್ನ ತಪ್ಪು ಅಂದ್ರ ಅವ್ರು ಲಗೂನ ನಂಬ್ತಾರ.”

“ಪತ್ರಾ ಬರಂಗಿಲ್ರಿ ಕಾಕಾ!”

“ಗೊತ್ತೈತಿ.”

ಸೂಗಮ್ಮ ಮುಂದೆ ಬಂದರು. “ಆ ಪತ್ರ ಬರೂ ತನಕ ಆದ್ರೂ ಬಾಯಿ ಮುಚ್ಕೊಂಡು ಕುಂಡ್ರಬಾರದೇನ್ರಿ? ಈಗೇನು ನಿಮ್ಮ ನೌಕರಿ ಐತೇನು ಅಲ್ಲಿ? ಅವ್ರ ಆಸ್ಪತ್ರಿ, ಅವ್ರ ಕಂಪನಿ. ನಾಕ ದಿನ ತಡೀರಿ.”

“ನಾಕ ದಿನದಾಗ ಯಾವ ಕೂಸು ಅದನ್ನ ಕುಡೀತೈತೋ ನಿನಗೇನು ಗೊತ್ತು?”

“ನಮ್ಮ ಗತಿ ಏನಾಕ್ಕೈತೋ ಅದರೆ ಗೊತ್ತೈತೇನು ನಿಮಗ?”

ಸೂಗಮ್ಮ ನಲಿನಿಯ ಕಡೆ ತಿರುಗಿ, “ನೀನಾದ್ರೂ ಹೇಳವ್ವಾ ಇವ್ರಿಗೆ” ಎಂದರು. ಯಾವ ಕಡೆ ಹೇಳಿದರೂ ಒಬ್ಬರ ಕೊರಳು ಹಿಸುಕಿದಂತೆ. ಕಾಕು, ನನಗೇನೂ ತಿಳೀವಲ್ದು ಎಂದು ಹೇಳುವುದಷ್ಟೇ ನಲಿನಿಯಿಂದಾಯಿತು. ಸೂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು, ಪಾತ್ರೆಗಳ ಸದ್ದು ಜೋರಾಗಿ ಕೇಳಿಸಿತು.

ಅಮರೇಶಪ್ಪ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ನಲಿನಿಯ ಕೈ ಏಳಲಿಲ್ಲ, ಅವರೇ ಟೈಪ್ ಮಾಡಿದರು. ಈ ಕೆಳಗಿನ ತಪ್ಪು ನನಗೆ ಮೊದಲೇ ಗೊತ್ತಿತ್ತು, ನಾನು ಎಲ್ಲಿಯೂ ಬರೆದಿಡಲಿಲ್ಲ, ರಾಜೀನಾಮೆ ಕೊಡುವಾಗಲೂ ತಿಳಿಸಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ತಪ್ಪು ಎಲ್ಲಿದೆ, ಹೇಗೆ ಸರಿಪಡಿಸಬೇಕು ಎಂಬುದನ್ನು ಸಾಲು ಸಾಲಾಗಿ ವಿವರಿಸಿದರು. ವೆಂಕಟೇಶನಿಗೆ ಹೇಳಿದ್ದನ್ನು ಬರೆಯಿರಿ ಎಂದು ನಲಿನಿ ಅಂದಳು. ಅದನ್ನು ಬರೆದರೆ ಇಬ್ಬರಲ್ಲಿ ಯಾರು ಸುಳ್ಳು ಎಂದು ವಿಚಾರಣೆ ಶುರುವಾಗುತ್ತದೆ, ಸಿರಪ್ ಅಲ್ಲೇ ಉಳಿಯುತ್ತದೆ ಎಂದರು. ಮೇಡಂಗೆ ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿ ಅವಳ ಕೈಗೆ ಕೊಟ್ಟರು.

ಮೇಡಂ ಅರ್ಧ ಗಂಟೆಯೊಳಗೆ ವೆಂಕಟೇಶನಿಗೆ ಫೋನ್ ಮಾಡಿದರು. ನಲಿನಿ ಇನ್ನೂ ಮನೆ ಸೇರಿರಲಿಲ್ಲ, ಅವಳನ್ನು ಬಸ್ಸಿನಿಂದಲೇ ಇಳಿಸಿ ಆಫೀಸಿಗೆ ಕರೆಸಿದರು. ಯಾರೂ ಮೀಟಿಂಗ್ ಕೇಳಲಿಲ್ಲ, ದಾಖಲೆ ಕೇಳಲಿಲ್ಲ. ಸಂಜೆಯೊಳಗೆ ಆ ತಪ್ಪು ಸರಿಯಾಗಿ ಪುಣೆಗೆ ಹೋಯಿತು. ಆ ಕಂಪನಿಯಲ್ಲಿ ಅಷ್ಟು ಬೇಗ ಯಾವ ಕೆಲಸವೂ ಆದದ್ದಿಲ್ಲ.

ನಲಿನಿ ಕಾಕಾನಿಗೆ ಫೋನ್ ಮಾಡಿ ಹೇಳಿದಳು. “ಆತೇನು? ಛಲೋ ಆತು” ಎಂದರು. ಆಮೇಲೆ, “ಪತ್ರದ್ದೇನರ ಅಂದ್ರೇನು?” ಎಂದು ಕೇಳಿದರು. ಸಹಿಯಾಗಿ ಸಿದ್ಧವಿದ್ದ ಆ ರಿಲೀವಿಂಗ್ ಪತ್ರವನ್ನು ವೆಂಕಟೇಶ ಅವಳ ಎದುರಿಗೇ ಹರಿದು ಬುಟ್ಟಿಗೆ ಹಾಕಿದ್ದ.

“ಇನ್ನೂ ಏನೂ ಅಂದಿಲ್ರಿ ಕಾಕಾ” ಎಂದಳು ನಲಿನಿ.